ಟೇಪಕ್ಕನ ಒಳಜೇಬುಗಳು

ಆಸ್ಪತ್ರೆಯ ಮೊದಲನೇ ಮಹಡಿಯಲ್ಲಿ, ಎಕ್ಸ್‌ರೇ ಕೋಣೆ ದಾಟಿದ ಮೇಲೆ, ಕೊನೆಗೊಂದು ಹೊಲಿಗೆ ಕೋಣೆ. ಅಲ್ಲಿ ಇಪ್ಪತ್ತೆರಡು ವರ್ಷದಿಂದ ಮೆಷಿನ್ ತುಳಿಯುತ್ತಿದ್ದವಳನ್ನು ಎಲ್ಲರೂ ಟೇಪಕ್ಕ ಅಂತಲೇ ಕರೆಯುತ್ತಿದ್ದರು. ಕೊರಳಲ್ಲಿ ಅಳತೆ ಟೇಪಿಲ್ಲದೆ ಅವಳನ್ನು ಕಂಡವನು ಅವಳ ಗಂಡ ಒಬ್ಬನೇ. ಅವನೂ ಅದೇ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಲಾಂಡ್ರಿ ನೋಡಿಕೊಳ್ಳುತ್ತಿದ್ದ. ಹೆಂಡತಿ ಮೇಲೆ ಹೊಲಿದದ್ದನ್ನು ಗಂಡ ಕೆಳಗೆ ಸೋಡಾ ಹಾಕಿ ಕುದಿಸುತ್ತಿದ್ದ. "ನಾನು ಮಾಡಿದ್ದನ್ನ ಹಾಳು ಮಾಡೋಕೇ ಸಂಬಳ ತಗೊಳ್ತಾರೆ ಇವರು" ಎಂದು ಅವಳು ಹೇಳಿದರೆ, "ನಾನು ಹರಿಯದಿದ್ರೆ ನಿನಗೆ ಕೆಲಸ ಎಲ್ಲಿಂದ ಬರ್ಬೇಕು?" ಎಂದು ಅವನು ಹಲ್ಲು ಬಿಡುತ್ತಿದ್ದ.

ನೂರಾ ಹನ್ನೆರಡು ಜನ ಸಿಬ್ಬಂದಿಯ ಎದೆ, ಸೊಂಟ, ತೋಳಿನ ಅಳತೆ ಟೇಪಕ್ಕನಿಗೆ ಬಾಯಿಪಾಠ. ಯಾರ ಅಂಗಿಯ ಕೆಳಗೆ ಯಾವ ದಾರ ಇದೆ, ಯಾರ ಕೊರಳಲ್ಲಿ ಯಾವ ಸರ ಇದೆ ಎನ್ನುವುದೂ ಗೊತ್ತಿತ್ತು. ಅಳತೆ ತೆಗೆಯುವವಳಿಗೆ ಕಣ್ಣು ಇರಬೇಕು, ಬಾಯಿ ಇರಬಾರದು ಎಂದು ಅವಳು ನಂಬಿದ್ದಳು.

ರಗಳೆ ಶುರುವಾದದ್ದು ಹೆರಿಗೆ ವಾರ್ಡಿನಲ್ಲಿ. ಬಸುರಿ ಹೆಂಡತಿಯನ್ನು ಕರೆತಂದವನೊಬ್ಬ ಅಲ್ಲಿನ ಎಳೆ ವಯಸ್ಸಿನ ನರ್ಸಿನ ತಲೆವಸ್ತ್ರ ನೋಡಿ, "ಇವರು ಮುಟ್ಟೋದು ಬೇಡ, ಬೇರೆಯವರನ್ನ ಕಳಿಸಿ" ಎಂದ. ಪಕ್ಕದ ಮಂಚದವಳ ಅಣ್ಣನಿಗೆ ರೇಗಿತು. ಮಾತಿಗೆ ಮಾತು ಬೆಳೆಯಿತು. ನೀರಿನ ಜಗ್ಗು ಹಾರಿ ಔಷಧಿ ಬೀರುವಿನ ಗಾಜು ಚೂರಾಯಿತು. ಬಾಗಿಲಲ್ಲಿದ್ದ ಕಾವಲುಗಾರ ಬಿಡಿಸಲು ಹೋದರೆ, ಅವನ ರುಮಾಲು ನೋಡಿ "ನೀನು ಯಾರ ಕಡೆ?" ಎಂದು ಇಬ್ಬರೂ ಅವನ ಮೇಲೇ ತಿರುಗಿದರು. ಇಷ್ಟರಲ್ಲಿ ಪರದೆಯ ಹಿಂದೆ ಆ ಹೆಂಗಸು ಅದೇ ನರ್ಸಿನ ಕೈಯಲ್ಲಿ ಹೆತ್ತಾಗಿತ್ತು. ಮಗು ಅತ್ತದ್ದು ಗಲಾಟೆಯಲ್ಲಿ ಅಪ್ಪನಿಗೇ ಕೇಳಿಸಲಿಲ್ಲ.

ಆಡಳಿತಾಧಿಕಾರಿಗಳು ಬಂದು ಆರೇ ತಿಂಗಳಾಗಿತ್ತು. ಅಷ್ಟರಲ್ಲೇ ಅರವತ್ತಮೂರು ಸುತ್ತೋಲೆ ಹೊರಡಿಸಿದ್ದರಿಂದ ಸುತ್ತೋಲೆ ಸಾಹೇಬರು ಎಂದು ಹೆಸರಾಗಿತ್ತು. ಕೆಟ್ಟವರಲ್ಲ. ಎಲ್ಲಿ ಜಗಳ ಕಂಡರೂ ಅದರ ಮೇಲೆ ಒಂದು ಹಾಳೆ ಹಾಸಿ ಮುಚ್ಚಬಹುದು ಎಂದುಕೊಂಡಿದ್ದರು, ಅಷ್ಟೆ. ಅರವತ್ನಾಲ್ಕನೆಯದು ಹೀಗಿತ್ತು: ಇನ್ನು ಮುಂದೆ ಸಿಬ್ಬಂದಿಯ ಮೈಮೇಲೆ ಯಾವ ಧರ್ಮದ ಗುರುತೂ ಕಾಣಕೂಡದು, ಎಲ್ಲರಿಗೂ ಒಂದೇ ಬಣ್ಣದ ಉಡುಪು, ಒಂದೇ ಬಣ್ಣದ ಟೋಪಿ.

ಬಣ್ಣ ಆರಿಸಲು ಸಭೆ ಸೇರಿತು. ಕೊರಳಲ್ಲಿ ಶಿಲುಬೆಯಿದ್ದ ದೊಡ್ಡ ಸಿಸ್ಟರ್, ಹಣೆಯಲ್ಲಿ ನಾಮವಿದ್ದ ಗುಮಾಸ್ತರು, ರುಮಾಲಿನ ಕಾವಲುಗಾರ, ತಲೆವಸ್ತ್ರದ ನರ್ಸು, ಬಟ್ಟೆಯ ವಿಷಯ ಹೇಳಲು ಟೇಪಕ್ಕ.

"ಬಿಳಿ ಇಟ್ಕೊಳ್ಳೋಣ" ಎಂದರು ಸಾಹೇಬರು.

ದೊಡ್ಡ ಸಿಸ್ಟರ್ ಮುಖ ಅರಳಿತು. ಅದು ಅರಳಿದ್ದು ನೋಡಿಯೇ ಗುಮಾಸ್ತರು ಬೇಡ ಎಂದರು. ಹಸಿರು ಎಂದಾಗ ನರ್ಸು ಸುಮ್ಮನೆ ತಲೆ ಎತ್ತಿದಳು. ಅಷ್ಟಕ್ಕೇ ಹಸಿರು ಬಿದ್ದುಹೋಯಿತು. ಹಳದಿಗೆ ಗುಮಾಸ್ತರು ಬೆನ್ನು ನೆಟ್ಟಗೆ ಮಾಡಿ ಕೂತರು, ನೀಲಿಗೆ ಕಾವಲುಗಾರ ಮೀಸೆ ಸವರಿಕೊಂಡ. ಎರಡೂ ಹೋದವು. ಕಪ್ಪು ಯಾರದೂ ಅಲ್ಲ, ಆದರೆ ಕಪ್ಪು ತೊಟ್ಟವರು ಮಂಚದ ಸುತ್ತ ನಿಂತರೆ ರೋಗಿಗೆ ಜೀವ ಇರುತ್ತದೆಯೇ? ಬೂದಿ ಬಣ್ಣ ಎನ್ನುವ ಹೊತ್ತಿಗೆ ಚಹಾ ಎರಡನೇ ಸಲ ಆರಿತ್ತು.

"ನನ್ನ ಹತ್ರ ಕೋರಾ ಬಟ್ಟೆ ಇದೆ" ಎಂದಳು ಟೇಪಕ್ಕ, ಮನೆಗೆ ಹೋಗುವ ಆಸೆಯಿಂದ. "ಮಗ್ಗದಿಂದ ಹಾಗೇ ಬಂದಿದ್ದು. ಬಣ್ಣಾನೇ ಹಾಕಿಲ್ಲ."

ಬಣ್ಣವೇ ಇಲ್ಲದ್ದಕ್ಕೆ ಯಾರು ತಕರಾರು ತೆಗೆಯುತ್ತಾರೆ? ಸಾಹೇಬರು ಮೇಜು ಕುಟ್ಟಿ ಸಭೆ ಮುಗಿಸಿದರು. ಎಲ್ಲರೂ ಏಳುವಾಗ ನರ್ಸು ಮೆಲ್ಲಗೆ ಕೇಳಿದಳು. "ಸರ್, ವಸ್ತ್ರ ತೆಗೀತೀನಿ ಅಂತಿಟ್ಕೊಳ್ಳಿ. ಆಮೇಲೆ ಅವರು ನನ್ನ ಹೆಸರು ಕೇಳ್ತಾರೆ. ಹೆಸರನ್ನ ಎಲ್ಲಿಡ್ಲಿ?"

"ನೋಡಮ್ಮ, ಇದೆಲ್ಲ ನಿಮ್ಮ ಒಳ್ಳೇದಕ್ಕೇ" ಎಂದು ಸಾಹೇಬರು ಕಡತ ಮಡಚಿದರು.

ಟೋಪಿಯ ಪಾಡು ಟೇಪಕ್ಕನ ತಲೆಗೆ ಬಂತು. ನರ್ಸು ಬಂದು ತನ್ನದು ಕಿವಿ ಮುಚ್ಚಿ, ಕತ್ತು ಸುತ್ತಿ, ಹೆಗಲವರೆಗೆ ಬರಲಿ ಎಂದಳು. ಗುಮಾಸ್ತರು ತಮ್ಮದು ಹುಬ್ಬಿನವರೆಗೆ ಇಳಿಯಲಿ ಎಂದರು. ಕಾವಲುಗಾರ ಬಹಳ ಹೊತ್ತು ಕೈ ಕೈ ಹಿಸುಕಿಕೊಂಡು ನಿಂತ.

"ನಿಮ್ದು ಎಷ್ಟು ದೊಡ್ಡದು ಬೇಕಣ್ಣ?"

"ಒಂದು ಐದು ಗಜ ಆದ್ರೆ ಸಾಕಕ್ಕ."

ಟೇಪಕ್ಕ ಸುತ್ತೋಲೆಯನ್ನು ಇನ್ನೊಮ್ಮೆ ಓದಿದಳು. ಟೋಪಿ ಕೋರಾ ಬಟ್ಟೆಯದಾಗಿರಬೇಕು ಎಂದಿತ್ತು. ಉದ್ದ ಎಷ್ಟು ಎಂದಿರಲಿಲ್ಲ. ಐದು ಗಜ ಅಳೆದು ಕತ್ತರಿಸಿಕೊಟ್ಟಳು.

ಆಮೇಲೆ ಶುರುವಾಯಿತು ಒಳಜೇಬಿನ ಕಥೆ. ಮೊದಲು ಬಂದವರು ದೊಡ್ಡ ಸಿಸ್ಟರ್. ಬಾಗಿಲು ಮುಂದಕ್ಕೆ ಎಳೆದು, "ಎದೆ ಹತ್ರ ಒಳಗಡೆ ಒಂದು ಪುಟ್ಟ ಜೇಬು ಇಟ್ಕೊಡ್ತೀಯಾ? ಯಾರಿಗೂ ಹೇಳ್ಬೇಡ ಕಣೇ. ಶಿಲುಬೆ ಇಟ್ಕೊಳ್ತೀನಿ, ನಮ್ಮಮ್ಮಂದು" ಎಂದರು. ಅದೇ ದಿನ ಮಧ್ಯಾಹ್ನ ಗುಮಾಸ್ತರಿಗೆ ಮಣಿಸರಕ್ಕೊಂದು ಬೇಕಾಯಿತು. ಮರುದಿನ ನರ್ಸಿಗೆ ಬೆರಳಗಲದ ಪ್ರಾರ್ಥನೆಯ ಪುಸ್ತಕಕ್ಕೆ, ಅಡುಗೆಯವನಿಗೆ ದಾರಕ್ಕೆ, ಆಂಬುಲೆನ್ಸ್ ಚಾಲಕನಿಗೆ ಪಟಕ್ಕೆ. ಪ್ರತಿಯೊಬ್ಬರೂ ತಾನೊಬ್ಬನೇ ಕಾನೂನು ಮುರಿಯುತ್ತಿರುವವನ ಹಾಗೆ ಆಚೀಚೆ ನೋಡಿ ಬರುವುದು, ಪ್ರತಿಯೊಬ್ಬರಿಗೂ ಅವಳು ತಾಯಾಣೆ ಇಟ್ಟು ಕಳಿಸುವುದು. ತಾಯಿಯ ಮೇಲೆ ಇಷ್ಟು ಆಣೆ ಬಿದ್ದರೆ ಸತ್ತವಳೇ ಎದ್ದುಬಂದಾಳು ಎನಿಸಿತು.

ಕೊನೆಗೆ ಅಳತೆ ಕೊಡಲು ಸಾಹೇಬರೇ ಬಂದರು. ತೋಳು, ಎದೆ ಮುಗಿಯಿತು. ಸಾಹೇಬರು ಕೆಮ್ಮಿದರು.

"ಒಳಗಡೆ ಒಂದು ಜೇಬು... ಪೆನ್ನಿಗೆ."

"ಪೆನ್ನು ಎಷ್ಟುದ್ದ ಇದೆ ಸಾಹೇಬ್ರೇ?"

"ಒಂದು ಅಂಗುಲ" ಎಂದರು ಸಾಹೇಬರು, ಕಿಟಕಿಯ ಆಚೆ ನೋಡುತ್ತ.

ಟೇಪಕ್ಕ ಬಾಯಲ್ಲಿದ್ದ ಗುಂಡುಸೂಜಿ ನುಂಗದೇ ಇದ್ದದ್ದೇ ಹೆಚ್ಚು. ಅಂಗುಲದ ಪೆನ್ನು ಎಂದು ಪುಸ್ತಕದಲ್ಲಿ ಬರೆದುಕೊಂಡಳು. ಗಂಡನಿಗೂ ಹೇಳಲಿಲ್ಲ.

ಎರಡು ವಾರ ಎಲ್ಲ ಸರಿಯಾಗಿಯೇ ನಡೆಯಿತು. ಸರಿ ಎಂದರೆ, ಯಾರು ನರ್ಸು ಯಾರು ಅಡುಗೆಯವರು ಎಂದು ತಿಳಿಯದೆ ಒಬ್ಬ ಅಜ್ಜಿ ಗುಮಾಸ್ತರ ಮುಂದೆ ತೋಳು ಚಾಚಿ ಇಂಜೆಕ್ಷನ್ನಿಗೆ ಕೂತಿದ್ದು, ಗುಮಾಸ್ತರು ಓಡಿಹೋಗಿದ್ದು, ಇಷ್ಟೇ. ಮೂರನೇ ವಾರ ಮಕ್ಕಳ ವಾರ್ಡಿನಲ್ಲಿ ತುರಿಕಜ್ಜಿ ಕಾಣಿಸಿಕೊಂಡಿತು. ಕೂಡಲೇ ಎಪ್ಪತ್ತೊಂದನೇ ಸುತ್ತೋಲೆ: ಅರ್ಧ ಗಂಟೆಯೊಳಗೆ ಸಾಹೇಬರೂ ಸೇರಿ ಎಲ್ಲರ ಉಡುಪೂ ಲಾಂಡ್ರಿಗೆ ಬೀಳಬೇಕು, ಅದು ಕುದ್ದು ಒಣಗುವವರೆಗೆ ರೋಗಿಗಳ ನಿಲುವಂಗಿ.

ಆ ನಿಲುವಂಗಿಗಳು ಬೆನ್ನ ಹಿಂದೆ ಎರಡೇ ಲಾಡಿ ಇದ್ದಂಥವು. ಬಟ್ಟೆ ಬದಲಿಸಲು ಹೆಂಗಸರಿಗೊಂದು ಕೋಣೆ, ಗಂಡಸರಿಗೊಂದು, ಒಂದು ಸಲಕ್ಕೆ ಎಂಟು ಜನ. ಒಬ್ಬರ ಕಣ್ಣು ಇನ್ನೊಬ್ಬರ ಮೇಲೆ. ಅಂಗಿ ಬಿಚ್ಚಿ ಬುಟ್ಟಿಗೆ ಹಾಕುವ ಮುಂಚೆ ಒಳಜೇಬಿಗೆ ಕೈ ಹಾಕಿದರೆ ಗುಟ್ಟು ರಟ್ಟು. ಹಾಕದಿದ್ದರೆ ಒಳಗಿದ್ದದ್ದು ಕುದಿಯುವ ನೀರಿಗೆ. ಎಲ್ಲರೂ ಬೆವರಿದರು, ಎಲ್ಲರೂ ಸುಮ್ಮನೆ ಬುಟ್ಟಿಗೆ ಹಾಕಿದರು.

ಯಾರೂ ಒಳಜೇಬು ಖಾಲಿ ಮಾಡಿರಲಿಕ್ಕಿಲ್ಲ ಎಂದು ಟೇಪಕ್ಕನಿಗೆ ಹೊಳೆಯುವ ಹೊತ್ತಿಗೆ ಬಟ್ಟೆಯೆಲ್ಲ ಕುದ್ದಾಗಿತ್ತು. ಅವಳು ಮೆಟ್ಟಿಲಿಳಿದು ಓಡುವಷ್ಟರಲ್ಲಿ ಗಂಡ ಎದುರಿಗೇ ಬಂದ. ಕೈಯಲ್ಲಿ ಅಗಲವಾದೊಂದು ಬೋಗುಣಿ, ಅದರ ತುಂಬ ಮಣಿ, ದಾರ, ಶಿಲುಬೆ, ತಾಯಿತ, ಬಳೆ, ಪದಕ, ಸುರುಟಿದ ಪಟಗಳು.

"ಬಟ್ಟೆ ತೊಳೆಯೋ ಡ್ರಮ್ಮು ಕಲ್ಲು ಅರೆದ ಹಾಗೆ ಸದ್ದು ಮಾಡ್ತಿತ್ತು. ಹೊರಗಿನ ಜೇಬು ನಾನೇ ತಡಕಿದ್ದೆ, ಏನೂ ಇರ್ಲಿಲ್ಲ. ಏನೇ ಇದು?"

"ಒಳಜೇಬು" ಎಂದಳು ಅವಳು ಸಣ್ಣ ದನಿಯಲ್ಲಿ.

"ಎಷ್ಟು ಇಟ್ಟಿದ್ದೀಯ?"

"ತೊಂಬತ್ತಾರು."

ದೇವರ ಸಹವಾಸವೇ ಬೇಡವೆಂದು ಇದ್ದ ಮನುಷ್ಯ ಅವನು. ಬೋಗುಣಿಯನ್ನು ಎರಡೂ ಕೈಯಲ್ಲಿ ಇನ್ನಷ್ಟು ಭದ್ರ ಹಿಡಿದುಕೊಂಡ. "ಮೊದಲೇ ಹೇಳಬಾರದಿತ್ತಾ? ನಾನು ಸೋಡಾ ಕಮ್ಮಿ ಹಾಕ್ತಿದ್ದೆ. ಅದಿರ್ಲಿ, ಇನ್ನೊಂದು ವಿಷಯ ಇದೆ. ನೀರು ಉಳಿಸ್ಬೇಕು ಅಂತ ಸುತ್ತೋಲೆ ಇತ್ತಲ್ಲ, ಮೂರು ಸಲಕ್ಕೂ ಅದೇ ನೀರು ಬಳಸಿದೆ. ಒಳಗೆ ಯಾರದೋ ಒಂದು ಕೆಂಪು ಬಟ್ಟೆ ಚೀಲ ಇತ್ತು. ಇಷ್ಟೇ ಇಷ್ಟು. ಬಣ್ಣ ಬಿಟ್ಟಿದೆ."

"ಎಷ್ಟಕ್ಕೆ?"

"ಎಲ್ಲಕ್ಕೂ."

ಕೋರಾ ಬಟ್ಟೆ ಬಣ್ಣಕ್ಕೆ ಬಾಯಿ ತೆರೆದುಕೊಂಡೇ ಇರುತ್ತದೆ. ಹಗ್ಗದ ಮೇಲೆ ನೂರಾ ಹನ್ನೆರಡು ಜೊತೆ ಉಡುಪು, ಐದು ಗಜದ ಟೋಪಿ ಸಮೇತ, ಅಚ್ಚ ಗುಲಾಬಿ ಬಣ್ಣಕ್ಕೆ ತಿರುಗಿ ಗಾಳಿಗೆ ಆಡುತ್ತಿದ್ದವು.

ಅವಳು ಬೋಗುಣಿಯನ್ನು ಮೇಲೆ ತಂದು ಕತ್ತರಿಸುವ ಮೇಜಿನ ಮೇಲಿಟ್ಟು ಟವೆಲು ಮುಚ್ಚಿದಳು. ಹತ್ತು ನಿಮಿಷದಲ್ಲಿ ದೊಡ್ಡ ಸಿಸ್ಟರ್ ಬಂದರು, ನಿಲುವಂಗಿಯ ಬೆನ್ನನ್ನು ಒಂದು ಕೈಯಲ್ಲಿ ಹಿಡಿದುಕೊಂಡು. ಹಿಂದೆಯೇ ಗುಮಾಸ್ತರು. ಹಿಂದೆಯೇ ಅಡುಗೆಯವನು. ಎಕ್ಸ್‌ರೇ ಕೋಣೆಯವರೆಗೆ ಸಾಲು ಬೆಳೆಯಿತು. ಯಾರೂ ಇನ್ನೊಬ್ಬರಿಗೆ ಬೆನ್ನು ತೋರಿಸುವ ಹಾಗಿಲ್ಲವಾದ್ದರಿಂದ ಎಲ್ಲರೂ ಗೋಡೆಗೆ ಅಂಟಿಕೊಂಡು ನಿಂತಿದ್ದರು.

"ಏನಾಗ್ಬೇಕಿತ್ತು?" ಎಂದಳು ಟೇಪಕ್ಕ ಎಲ್ಲರಿಗೂ ಕೇಳುವಂತೆ.

"ಗುಂಡಿ ಬಿದ್ದಿದೆ" ಎಂದರು ದೊಡ್ಡ ಸಿಸ್ಟರ್.

"ನಂದೂ ಗುಂಡಿ" ಎಂದರು ಗುಮಾಸ್ತರು. ನಿಲುವಂಗಿಗೆ ಗುಂಡಿಯೇ ಇರಲಿಲ್ಲ.

ಗದ್ದಲ ಕೇಳಿ ಸಾಹೇಬರು ಬಂದರು, ಅವರೂ ಗೋಡೆ ಸವರಿಕೊಂಡೇ. "ಇದೇನು ಸಂತೆ? ಎಲ್ಲರೂ ಕೆಲಸಕ್ಕೆ ಹೋಗಿ!" ಯಾರೂ ಕದಲಲಿಲ್ಲ. ಸಾಹೇಬರು ಇನ್ನೊಂದು ಸಲ ಗದರಲು ಬಾಯಿ ತೆರೆದವರು ಬಾಗಿಲಿನ ಸಂದಿಯಲ್ಲಿ ಮೇಜಿನ ಮೇಲಿನ ಟವೆಲು ಮುಚ್ಚಿದ ಬೋಗುಣಿ ನೋಡಿ, ನಿಧಾನಕ್ಕೆ ಸಾಲಿನ ಕೊನೆಗೆ ಹೋಗಿ ನಿಂತುಕೊಂಡರು.

ಮುಂದೆ ನಿಂತಿದ್ದ ಕಾವಲುಗಾರ ತಿರುಗಿ ಕೇಳಿದ. "ನಿಮ್ದೂ ಗುಂಡಿನಾ ಸರ್?"

"ಹೂಂ" ಎಂದರು ಸಾಹೇಬರು. ಕಿವಿ ಕೆಂಪಾಗಿತ್ತು.

ಟೇಪಕ್ಕನಿಗೆ ಆಗ ಎಲ್ಲಿಲ್ಲದ ಸಿಟ್ಟು ಬಂತು. ಯಾರ ಮೇಲೆ ಎಂದು ಅವಳಿಗೇ ತಿಳಿಯಲಿಲ್ಲ. ತೊಂಬತ್ತಾರು ಗುಟ್ಟು ಹೊತ್ತು ಹೊತ್ತು ಸುಸ್ತಾಗಿತ್ತು. ಬಾಗಿಲು ಪೂರ್ತಿ ತೆಗೆದಳು, ಟವೆಲು ಎಳೆದಳು. "ಆಣೆ ಮುರಿದದ್ದಕ್ಕೆ ನಮ್ಮಮ್ಮ ಕ್ಷಮಿಸ್ಲಿ. ಬನ್ನಿ, ಅವರವರದು ಹುಡುಕಿಕೊಳ್ಳಿ. ಒದ್ದೆ ಇದೆ, ಜೋಪಾನ."

ನರ್ಸಿಗೆ ನಗು ತಡೆಯಲಾಗಲಿಲ್ಲ. ಅವಳು ನಕ್ಕದ್ದೇ ಇಡೀ ಮೊಗಸಾಲೆ ನಕ್ಕಿತು. ಗುಮಾಸ್ತರು ಮೇಜಿಗೆ ಬಾಗಿ ಶಿಲುಬೆಯನ್ನು ಎರಡೇ ಬೆರಳಲ್ಲಿ ಎತ್ತಿ, ತಮ್ಮ ನಿಲುವಂಗಿಯ ಅಂಚಿನಲ್ಲಿ ಒರೆಸಿ ದೊಡ್ಡ ಸಿಸ್ಟರಿಗೆ ಕೊಟ್ಟರು. ಕಾವಲುಗಾರ ನೆಲಕ್ಕೆ ಬಿದ್ದ ಮಣಿಗಳನ್ನು ಮಂಡಿಯೂರಿ ಆರಿಸಿದ. ನರ್ಸಿನ ಪುಸ್ತಕ ಉಬ್ಬಿ ಹೂಕೋಸಿನಂತಾಗಿತ್ತು. ಅಡುಗೆಯವನು ಒಲೆಯ ಹತ್ತಿರ ಇಟ್ಟು ಒಂದೊಂದೇ ಹಾಳೆ ಬಿಡಿಸಿಕೊಡುವೆನೆಂದು ತೆಗೆದುಕೊಂಡು ಹೋದ.

ಬೋಗುಣಿಯ ತಳದಲ್ಲಿ ಕೆಂಪು ಚೀಲ ಉಳಿದಿತ್ತು. ಈಗ ಬಿಳಿಚಿಕೊಂಡು, ಹೊಲಿಗೆ ಬಿಟ್ಟುಕೊಂಡಿತ್ತು. ಸಾಹೇಬರು ಎತ್ತಿಕೊಂಡರು.

"ನಮ್ಮಮ್ಮ ಕಟ್ಟಿದ್ದು, ಪರೀಕ್ಷೆಗೆ ಹೋಗೋವಾಗ" ಎಂದರು. "ಇದು ಧರ್ಮ ಅಂತ ಅಲ್ಲ. ಅಮ್ಮ ಅಂತ."

"ನಂದೂ ಅಮ್ಮಂದೇ ಸರ್" ಎಂದರು ದೊಡ್ಡ ಸಿಸ್ಟರ್.

"ನಾನು ಮಾಡಿದ್ದು ಜಗಳ ತಪ್ಪಿಸೋಕೆ. ಆ ಗಾಜು ಯಾರ ಕಣ್ಣಿಗಾದ್ರೂ ಹೋಗಿದ್ರೆ?"

"ಗೊತ್ತು ಸರ್" ಎಂದಳು ನರ್ಸು. "ಜಗ್ಗು ಎಸೆದವನು ಆ ಮಗುವಿನ ಅಪ್ಪ. ಬಟ್ಟೆ ಬದಲಾಯಿಸಿದ್ದು ಮಾತ್ರ ನಾವು."

ಚೀಲದಿಂದ ಗುಲಾಬಿ ಹನಿ ಸಾಹೇಬರ ಮುಂಗೈ ಮೇಲೆ ಇಳಿಯುತ್ತಿತ್ತು. ಹೊರಗೆ ಹಗ್ಗದ ಮೇಲಿನ ಬಟ್ಟೆ ಕಂಡದ್ದು ಆಗಲೇ. "ಅಯ್ಯೋ, ಅದೆಲ್ಲ ನನ್ನದೇನಾ?" ಎಂದರು.

ಹೊಸ ಬಟ್ಟೆ ಬರುವವರೆಗೆ ಒಂದೂವರೆ ತಿಂಗಳು ಆಸ್ಪತ್ರೆ ಗುಲಾಬಿಯಲ್ಲೇ ನಡೆಯಿತು. ಎಪ್ಪತ್ತೆರಡನೇ ಸುತ್ತೋಲೆ ಮೂರೇ ಸಾಲಿನದು: ಶಸ್ತ್ರಚಿಕಿತ್ಸೆ ಕೋಣೆಯಲ್ಲಿ ಎಲ್ಲರೂ ಎಲ್ಲವನ್ನೂ ಟೋಪಿ, ಅಂಗಿಯ ಒಳಗೆ ಮುಚ್ಚಿಡತಕ್ಕದ್ದು, ಉಳಿದೆಡೆ ಶುಚಿಗೆ ಅಡ್ಡಿಯಾಗದಿದ್ದರೆ ಅವರವರ ಇಷ್ಟ, ಇಂಥವರು ಮುಟ್ಟಬಾರದು ಎನ್ನುವವರು ಮೊದಲು ಸಾಹೇಬರ ಕೋಣೆಗೆ ಬರತಕ್ಕದ್ದು. ಗುಮಾಸ್ತರಿಗೆ ಮೂರನೇ ಸಾಲು ಅಷ್ಟು ಹಿಡಿಸಲಿಲ್ಲ, ಕಾವಲುಗಾರನಿಗೆ ಮೊದಲನೆಯದು. ಚಹಾದ ಹೊತ್ತಿಗೆ ಈಗಲೂ ಅದರ ಮೇಲೆ ವಾದ ಆಗುತ್ತಿತ್ತು, ಜೋರಾಗಿಯೇ. ಒಬ್ಬ ಹೊಸ ಅಪ್ಪ ಹೆರಿಗೆ ವಾರ್ಡಿನಲ್ಲಿ ನರ್ಸನ್ನು ಮೇಲಿಂದ ಕೆಳಗೆ ನೋಡಿ "ನೀವು ಯಾವ ಪೈಕಿ?" ಎಂದು ಕೇಳಿದಾಗ ಅವಳು "ಗುಲಾಬಿ ಪೈಕಿ" ಎಂದಳಂತೆ.

ಗುಟ್ಟು ರಟ್ಟಾದ ಒಂದು ವಾರಕ್ಕೆ ಸಾಹೇಬರು ಹೊಲಿಗೆ ಕೋಣೆಗೆ ಬಂದರು. ಅಮ್ಮ ಚೀಲದೊಳಗೆ ಮಡಚಿಟ್ಟಿದ್ದ ಕಾಗದ ಮುದ್ದೆಯಾಗಿತ್ತು, ಏನು ಬರೆದಿತ್ತೋ ಅವರಿಗೂ ಗೊತ್ತಿರಲಿಲ್ಲ. ಮುದ್ದೆಯನ್ನೇ ಒಣಗಿಸಿ ತಂದಿದ್ದರು. "ಇದನ್ನೇ ಒಳಗಿಟ್ಟು ಇನ್ನೊಂದು ಹೊಲಿದುಕೊಡ್ತೀರಾ?"

ಟೇಪಕ್ಕ ಡಬ್ಬಿ ಕೆದಕಿ ಕೆಂಪು ಬಟ್ಟೆಯ ತುಂಡೊಂದು ತೆಗೆದಳು. ಮೊದಲು ಉಪ್ಪು ನೀರಲ್ಲಿ ನೆನೆಹಾಕಿದಳು, ಹಿಂಡಿದಳು, ಬಿಳಿ ಚಿಂದಿಯೊಂದರ ಮೇಲೆ ಒತ್ತಿ ನೋಡಿದಳು.

"ಕೂತ್ಕೊಳ್ಳಿ ಸಾಹೇಬ್ರೇ" ಎಂದಳು. "ಇನ್ನೂ ಸ್ವಲ್ಪ ಬಣ್ಣ ಬಿಡ್ತಾ ಇದೆ."

ಸಾಹೇಬರು ಮೇಜಿನ ಪಕ್ಕದ ಮುಕ್ಕಾಲಿಯ ಮೇಲೆ ಕೂತರು, ಅವಳು ಇನ್ನೊಂದು ಸಲ ನೀರು ಬದಲಾಯಿಸಿದಳು.