ಕೂಗುವವರಿಲ್ಲದ ತೂಬು

ಕೊಕ್ಕರೆ, ಅದರ ಹಿಂದೆ ಇನ್ನೊಂದು, ಆಮೇಲೆ ಹಿಂಡಿಗೆ ಹಿಂಡೇ — ಒಣ ಕಾಲುವೆಯೊಳಗೆ ಕೊಕ್ಕರೆಗೇನು ಕೆಲಸ, ನಿನ್ನೆಯ ತನಕ ಇಲ್ಲಿ ಒಂದು ಗುಬ್ಬಿಯೂ ಇಳಿದಿರಲಿಲ್ಲ, ಈಗ ನೋಡಿದರೆ ಕುರುಗೋಡಿನ ಗುಡ್ಡದ ಕಡೆಯಿಂದ ಬೆಳ್ಳಗೆ, ತಗ್ಗಾಗಿ, ಯಾರೋ ಅಟ್ಟಿಸಿಕೊಂಡು ಬಂದ ಹಾಗೆ ಬರುತ್ತಿವೆ, ಕೂರುತ್ತವೆ, ಹುಳ ಕುಕ್ಕುತ್ತವೆ, ಎದ್ದು ಮುಂದಕ್ಕೆ ಹಾರುತ್ತವೆ, ಅಂದರೆ ಅವುಗಳ ಬೆನ್ನ ಹಿಂದೆ ಏನೋ ಇದೆ, ಹುಳಹುಪ್ಪಟೆಗಳನ್ನು ಬಿಲದಿಂದ ಎಬ್ಬಿಸುತ್ತ ಬರುತ್ತಿದೆ, ಹುಲುಗಪ್ಪ ತೂಬಿನ ಕಲ್ಲಿನ ಮೇಲೆ ಎದ್ದು ನಿಂತ — ನೀರು. ಅಲ್ಲಲೇ ಹುಲುಗ್ಯಾ, ನೀರು ಬರುತ್ತದೆಂದು ತಾನೇ ನಿನ್ನನ್ನು ಈ ತೂಬಿನ ಮೇಲೆ ನಿಲ್ಲಿಸಿದ್ದು, ಕಾಲುವೆ ಕಾಯುವ ಲಸ್ಕರ್ ಎಂದು ಹೆಸರು ಕೊಟ್ಟು ಖಾಕಿ ಅಂಗಿ ತೊಡಿಸಿದ್ದು, ಹೌದು, ಆದರೆ ಸ್ವರ್ಗ ಇದೆ ಅಂದರೆ ಹೂಂ ಅನ್ನುವ ಹಾಗೆ ಹೂಂ ಅಂದಿದ್ದ ಅವನು, ಹೊಸಪೇಟೆಯ ಹತ್ತಿರ ಹೊಳೆಗೆ ಅಡ್ಡ ಗೋಡೆ ಕಟ್ಟಿದ್ದಾರಂತೆ, ಹೊಳೆ ನಿಂತಿದೆಯಂತೆ, ಹೂಂ, ನಿಂತ ಹೊಳೆ ನಡೆದುಕೊಂಡು ಸಿರುಗುಪ್ಪದ ಕಡೆ ಹೋಗುತ್ತದಂತೆ, ಹೂಂ ಹೂಂ, ಬಳ್ಳಾರಿ ಆಂಧ್ರಕ್ಕೋ ಮೈಸೂರಿಗೋ ಎಂದು ಹೋಟೆಲುಗಳಲ್ಲಿ ಮೇಜು ಗುದ್ದುವವರ ಮಾತಿನ ಹಾಗೆ ಇದೂ ಒಂದು ಮಾತು. ಓವರ್‌ಸೀಯರ್ ದೊಡ್ಡಬಸಪ್ಪ ಬೆಳಿಗ್ಗೆ ಸೈಕಲ್ಲಿನಿಂದ ಪೂರ್ತಿ ಇಳಿಯಲೂ ಇಲ್ಲ, ಒಂದು ಕಾಲು ನೆಲಕ್ಕೂರಿ ತೂಬಿನ ಕಲ್ಲಿನ ಕೆಂಪು ಗೆರೆ ತೋರಿಸಿದ, ನೀರು ಈ ಗೆರಿ ಮುಟ್ಟಿದ ಕೂಡ್ಲೇ ಬಾಗಿಲಾ ಎತ್ತೋ ಚಕ್ರ ತಿರುವು, ತಡಾ ಮಾಡಬ್ಯಾಡ, ಏರಿ ಇನ್ನಾ ಹಸಿ ಐತಿ, ಒಡೀತಂದ್ರ ಕೆಳಗ ಊರೈತಿ, ನಾನು ಮುಂದಿನ ತೂಬಿಗೆ ಹೋಗಬೇಕು, ಇಲ್ಲಿ ನೀನೇ ಎಲ್ಲಾ. ಇವತ್ತು ನೆಟ್ಟಗ ನಡೆಸಿದರೆ ಕೆಲಸ ಖಾಯಂ, ಇಲ್ಲದಿದ್ದರೆ ನಿನ್ನ ಗೋಡೌನು ನಿನಗೆ ಎಂದೂ ಹೇಳಿ ಹೋದ, ಸಿಟ್ಟಿನಿಂದಲ್ಲ, ಇದ್ದದ್ದನ್ನು ಇದ್ದ ಹಾಗೆ. ಚಕ್ರದ ಕಬ್ಬಿಣ ಆಗಲೇ ಬಿಸಿಲಿಗೆ ಕಾಯತೊಡಗಿದೆ.

ಗೋಡೌನು — ಅಲ್ಲಿ ಕಬ್ಬಿಣವಿರಲಿಲ್ಲ, ಕೊಂಡಿಯೊಂದನ್ನು ಬಿಟ್ಟರೆ ಎಲ್ಲವೂ ಹತ್ತಿ, ಬಳ್ಳಾರಿಯ ಗೂಡ್ಸ್ ಶೆಡ್ಡಿನ ಹಿಂದೆ ಆ ತಗಡಿನ ಮಾಡಿನ ಕೆಳಗೆ ಗಾಳಿಯೂ ಹತ್ತಿಯೇ, ಕಿವಿಯಲ್ಲಿ ಹತ್ತಿ, ರೊಟ್ಟಿಯ ಮೇಲೆ ಹತ್ತಿ, ಮನೆಗೆ ಹೋದರೆ ಪಾರಮ್ಮ ಉಣ್ಣಲಿಕ್ಕಿಡುವ ಮುಂಚೆ ಗಂಡನ ಹುಬ್ಬಿನ ಎಳೆಗಳನ್ನು ಕಿತ್ತು ದೀಪಕ್ಕೆ ಬತ್ತಿ ಸಾಕಾಯಿತು ಅನ್ನುತ್ತಿದ್ದಳು, ನಗುತ್ತಿದ್ದಳು, ಅವನಿಗೆ ಕೆಮ್ಮು ಶುರುವಾದ ಮೇಲೆ ನಗುವುದನ್ನು ಬಿಟ್ಟಳು. ಆಸ್ಪತ್ರೆಯ ಡಾಕ್ಟರು ಎದೆಗೆ ಕೊಳವೆ ಹಚ್ಚಿ ಕೇಳಿ, ಈ ಎದಿ ಆ ಗೋಡೌನಿಗೆ ಇನ್ನ ಆಗೂದಿಲ್ಲ ಅಂದರು, ಬೇರೆ ಏನು ಬರುತ್ತೆ ಅಂದರು, ಏನು ಬರುತ್ತೆ, ಬೆನ್ನು ಬರುತ್ತೆ, ಅಷ್ಟೇ, ಅಕ್ಷರ ಬರುವುದಿಲ್ಲ, ಲೆಕ್ಕ ಬರುವುದಿಲ್ಲ, ಮೀಸೆ ಮೂಡುವ ಮುಂಚೆಯೇ ಸಂಗನಕಲ್ಲಿನಿಂದ ಅಪ್ಪನ ಹಿಂದೆ ನಡೆದು ಬಂದು ಅಂಡಿಗೆಯ ಕೆಳಗೆ ಹೊಕ್ಕವನು, ಹತ್ತಿ ತುಂಬಿದ ಅಂಡಿಗೆ ಎಂದರೆ ಆನೆಮರಿ, ನಾಲ್ಕು ಮೂಲೆಗೆ ನಾಲ್ಕು ಮಂದಿ, ಕೊಂಡಿ ಸಿಗಿಸಿ, ಬಗ್ಗಿ, ಉಸಿರು ಹಿಡಿದು ಕಾಯಬೇಕು, ಎರ್ರಿಸ್ವಾಮಿ ಕೂಗುವ ತನಕ. ಆ ಎರ್ರಿಸ್ವಾಮಿ ಜೋಳದ ದಂಟಿನಂಥ ಆಳು, ಎಂದೂ ಅಂಡಿಗೆಯ ತುದಿ ಮುಟ್ಟಿದವನಲ್ಲ, ಆದರೆ ಗಂಟಲು! ಎತ್ರೋ ಮಾವಾ ಎಂದು ಎಳೆದನೆಂದರೆ ಸೊಂಟ ತಾನಾಗಿ ಏಳಬೇಕು, ನಾಲ್ಕು ಬಾಯಿಂದ ಹೈಸಾ ಬರಬೇಕು, ಭಾರ ಎಲ್ಲಿ ಹೋಯಿತೆಂದು ನಾವೇ ಹುಡುಕಬೇಕು. ಕೂಗಿನ ಮುಂಚೆ ಎತ್ತುವ ಹಾಗಿಲ್ಲ, ಅದೊಂದೇ ಕಟ್ಟಳೆ, ಹೊಸಬನೊಬ್ಬ ಎತ್ತಿಬಿಟ್ಟಿದ್ದ, ಅಂಡಿಗೆ ವಾಲಿ ಅವನ ಪಾದವೇ ಹೋಯಿತು, ಹುಲುಗಪ್ಪನ ಕಣ್ಣ ಮುಂದೆಯೇ, ಆಮೇಲೆ ಕೂಗು ಅನ್ನುವುದು ಅವನ ಮೂಳೆಗೇ ಇಳಿದುಬಿಟ್ಟಿತು, ಮನೆಯಲ್ಲೂ ತಟ್ಟೆಯ ಮುಂದೆ ಸುಮ್ಮನೆ ಕೂತಿರುತ್ತಿದ್ದ, ನಿಮಗ ಉಣ್ಣಾಕೂ ಕೂಗು ಹಾಕಬೇಕೇನು ಎಂದು ಪಾರಮ್ಮ ಕೇಳಿದ ಮೇಲೆ ಮೊದಲ ತುತ್ತು ಮುರಿಯುತ್ತಿದ್ದ.

ಅವಳು ಅಗೋ, ಏರಿಯ ಮೇಲೆ, ಊರ ಹೆಂಗಸರ ನಡುವೆ ಅರಿಶಿಣ ಕುಂಕುಮದ ತಟ್ಟೆ ಹಿಡಿದು ನಿಂತಿದ್ದಾಳೆ, ಸಿರುಗುಪ್ಪದ ಮಗಳು, ಹೊಳೆದಂಡೆಯವಳು, ನೀರೆಂದರೆ ಅವಳಿಗೆ ನೆರೆಮನೆಯವರಿದ್ದ ಹಾಗೆ. ಮದುವೆಗೆ ಹೋದಾಗ ಅಲ್ಲಿಯ ಭತ್ತದ ಗದ್ದೆಯ ಬದುವಿನ ಮೇಲೆ ಬಾಸಿಂಗ ಕಟ್ಟಿಕೊಂಡೇ ನಿಂತುಬಿಟ್ಟಿದ್ದ ಹುಲುಗಪ್ಪ, ನೆಲದೊಳಗೆ ಆಕಾಶ ಬಿದ್ದಿತ್ತು, ಮೋಡ ಬಿದ್ದಿತ್ತು, ಮದುಮಗ ಎಲ್ಲಿ ಮದುಮಗ ಎಲ್ಲಿ ಎಂದು ಹುಡುಕುತ್ತ ಬಂದ ಹೆಂಗಸರ ಹಿಂದೆ ಒಂದು ನಗು ಕೇಳಿಸಿತ್ತು, ನೀರು ಕಂಡವರಲ್ಲ ಪಾಪ, ಎಂದು, ಅದು ಇವಳೇ. ಡ್ಯಾಮಿನ ಸಿಮೆಂಟಿಗೆಂದು ಗೂಡ್ಸ್ ಶೆಡ್ಡಿಗೆ ಬಂದ ದೊಡ್ಡಬಸಪ್ಪನ ಹತ್ತಿರ ಬಾಯಿಬಿಟ್ಟು ಕೆಲಸ ಕೇಳು ಎಂದು ಅಟ್ಟಿದವಳೂ ಇವಳೇ, ಅವನು ಕೇಳಿದ, ಓದು? ಇಲ್ರೀ. ಈಜು? ಇಲ್ರೀ. ನಿದ್ದಿ ಕೆಡಾಕರ ಬರ್ತೈತೇನು? ಅದೊಂದು ಬರ್ತೈತ್ರಿ, ಕೆಮ್ಮು ಕಲಿಸೈತ್ರಿ. ಓವರ್‌ಸೀಯರ್ ಬಿದ್ದು ಬಿದ್ದು ನಕ್ಕು, ಹಿಂದಿನ ವಾರ ಸಿಮೆಂಟಿನ ಚೀಲ ಇಳಿಸುವಾಗ ಒಂದನ್ನೂ ಒಗೆಯದೆ ಮೆಲ್ಲಗೆ ಇಟ್ಟವನು ನೀನೇ ತಾನೇ ಎಂದು ಕೇಳಿ, ಬಾ ಅಂದ. ಬಾ ಅನ್ನುವುದು ಸಣ್ಣ ಮಾತು, ಅದರ ಹಿಂದೆ ಹೋಗುವುದೇ ದೊಡ್ಡದು, ಎರ್ರಿಸ್ವಾಮಿ ಎಲ್ಲರ ಮುಂದೆ ಗೇಲಿ ಮಾಡಿದ, ನೀರು ಬರ್ತೈತಂತ ನಂಬ್ಕೊಂಡು ಹೊಂಟೀಯಲೇ, ಆಕಾಶಕ್ಕ ಏಣಿ ಹಾಕಿದಂಗಾತು, ಮಾರನೆಯ ದಿನವೇ ಇವನ ಕೊಂಡಿ ಇನ್ನೊಬ್ಬನ ಕೈಗೆ ಹೋಯಿತು, ಇವನ ಮೂಲೆಯಲ್ಲಿ ಇನ್ನೊಬ್ಬ ಬಗ್ಗಿದ. ಈಗ ಹಿಂದಕ್ಕೆ ಹೋದರೆ ಕೊಂಡಿಯೂ ಇಲ್ಲ, ಹೋದರೂ ಈ ಎದೆ ಇನ್ನೊಂದು ಸುಗ್ಗಿ ನೋಡುವುದಿಲ್ಲ, ಅದು ಪಾರಮ್ಮನಿಗೂ ಗೊತ್ತು, ಅವಳು ಹೇಳಿಕೊಟ್ಟದ್ದು ಒಂದೇ ಮಾತು, ನೀರಿಗೆ ಅಂಜಬಾರದು, ಅದರ ಮುಂದೆ ನಿಲ್ಲಬಾರದು, ಬಾಜೂಕ ನಿಂತ್ಕೋಬೇಕು.

ಬಂತು. ಅಯ್ಯೋ ಇದೇನಿದು, ಹೊಳೆಯ ಹಾಗೆ ಬಂದೀತೆಂದುಕೊಂಡಿದ್ದ, ಇದು ಮಣ್ಣುಬಣ್ಣದ ನಾಲಗೆಯೊಂದು ನೆಲ ನೆಕ್ಕುತ್ತ, ಕಸ ನೂಕುತ್ತ, ಒಣ ಎಲೆ, ಜೀರುಂಡೆ, ಕೂಲಿಯವರು ಬಿಟ್ಟುಹೋದ ಹರಿದ ಚಪ್ಪಲಿ, ತಲೆಯೆತ್ತಿ ಓಡುವ ಓತಿಕ್ಯಾತ, ಎಲ್ಲವನ್ನೂ ಮುಂದಿಟ್ಟುಕೊಂಡು, ನಡೆಯುವ ಮನುಷ್ಯನ ವೇಗದಲ್ಲಿ, ಮೊರದಲ್ಲಿ ಜೋಳ ಕೇರುವ ಸದ್ದು ಮಾಡುತ್ತ ಬಂದು ತೂಬಿನ ಬಾಗಿಲಿಗೆ ಮುಖ ಒತ್ತಿತು, ನಿಂತಿತು, ತನ್ನ ಮೇಲೇ ತಾನು ಹೊರಳಿತು, ಹೆಂಗಸರು ಕುಂಕುಮ ಎರಚಿದರು, ಯಾರೋ ಅಳುತ್ತಿದ್ದಾರೆ, ಯಾರಿಗೂ ನಗಲು ಬರುತ್ತಿಲ್ಲ, ಗಂಗವ್ವಾ ತಾಯೀ ಅನ್ನುತ್ತಿದ್ದಾರೆ, ಆಮೇಲೆ ಅದು ಏಳತೊಡಗಿತು. ಬಂದದ್ದಕ್ಕಿಂತ ಅದು ಎದ್ದದ್ದೇ ಹುಲುಗಪ್ಪನ ಮೈ ಜುಮ್ಮೆನ್ನಿಸಿತು, ಭಾರವೆಂದರೆ ಕೆಳಗಿಳಿಯುವುದು, ಯಾರಾದರೂ ಬೆನ್ನು ಕೊಟ್ಟರೆ ಮಾತ್ರ ಮೇಲೇಳುವುದು, ಅವನು ಬಲ್ಲ ಲೋಕವೆಲ್ಲ ಅಷ್ಟೇ, ಇಲ್ಲಿ ಇಷ್ಟು ಭಾರ, ಗೋಡೌನುಗಟ್ಟಲೆ ಭಾರ, ಯಾರ ಬೆನ್ನೂ ಇಲ್ಲದೆ, ಯಾರ ಉಸಿರೂ ಇಲ್ಲದೆ, ಹಾಲು ಉಕ್ಕುವ ಹಾಗೆ ಮೇಲಕ್ಕೆ ಬರುತ್ತಿದೆ. ತೂಬಿನ ಆಚೆ ಮೊದಲ ಹೊಲದವನು, ಮುದುಕ ಪಾಲಯ್ಯ, ಕೋಲು ಅಡ್ಡ ಹಿಡಿದು ನಿಂತು ಕೈಮುಗಿಯುತ್ತಾನೆ, ಬೈಯುತ್ತಾನೆ, ನನ್ನ ಹೊಲಕ್ಕ ಬಿಡಬ್ಯಾಡಪಾ, ಎರಿ ಭೂಮಿಗೆ ನೀರು ಹಾಯ್ದ್ರ ಭೂಮಿ ಸಾಯ್ತೈತಿ, ಜೋಳ ಬೆಳದಾಳ ಆಕಿ, ನೀರು ಕುಡಿದಾಕಿ ಅಲ್ಲ. ಗೆರೆಯ ಕೆಳಗೆ ನಾಲ್ಕು ಬೆರಳು, ಎರಡು ಬೆರಳು, ಕೆಂಪು ಗೆರೆ ಒದ್ದೆಯಾಯಿತು, ಮುಟ್ಟಿತು, ಕೈ ಚಕ್ರದ ಮೇಲಿದೆ, ಸೊಂಟ ಬಗ್ಗಿದೆ, ಉಸಿರು ಹಿಡಿದಿದ್ದಾನೆ — ಮತ್ತೆ ಕಾಯುತ್ತಿದ್ದಾನೆ. ಏನನ್ನು? ಗೆರೆ ಮುಳುಗಿತು. ಎತ್ತು ಎಂದರೆ ಕೈ ಏಳುತ್ತಿಲ್ಲ, ಹಸಿ ಏರಿಯಿಂದ ಒಂದು ಹೆಂಟೆ ಬಿದ್ದು ಗುಳಕ್ಕೆಂದಿತು, ಇನ್ನೊಂದು ಬಿತ್ತು, ಹೆಂಗಸರು ಹಿಂದಕ್ಕೆ ಸರಿದರು, ಪಾರಮ್ಮ ಸರಿಯಲಿಲ್ಲ, ತಟ್ಟೆ ಕೆಳಗಿಟ್ಟು ತೂಬಿನ ಹತ್ತಿರ ಬಂದಳು, ಅವಳು ಕೂಗುತ್ತಾಳೆ, ಈಗ ಕೂಗುತ್ತಾಳೆ ಎಂದು ಅವಳ ತುಟಿ ನೋಡಿದ, ಅವಳು ಕೂಗಲಿಲ್ಲ, ಇಬ್ಬರೇ ಕೂತು ಉಣ್ಣುವಾಗಿನ ದನಿಯಲ್ಲಿ ಕೇಳಿದಳು, ಯಾರ ದಾರಿ ಕಾಯಾಕತ್ತೀರಿ?

ಯಾರ ದಾರಿ, ಎರ್ರಿಸ್ವಾಮಿಯ ದಾರಿ, ಮತ್ಯಾರ ದಾರಿ, ಆದರೆ ಎರ್ರಿಸ್ವಾಮಿ ಬಳ್ಳಾರಿಯಲ್ಲಿದ್ದಾನೆ, ಹತ್ತಿಯ ನಡುವೆ, ಇಲ್ಲಿ ಯಾರೂ ಇಲ್ಲ, ಮುಂದಿನ ತೂಬಿನ ತನಕ ಯಾರೂ ಇಲ್ಲ, ಇನ್ನು ಮೇಲೆಯೂ ಯಾರೂ ಇರುವುದಿಲ್ಲ, ಹುಲುಗಪ್ಪನಿಗೆ ಭಯವಾಯಿತು, ಹುಟ್ಟಿದಾಗಿನಿಂದ ಇಷ್ಟು ಭಯವಾಗಿರಲಿಲ್ಲ, ಆ ಭಯದ ತಳದಿಂದಲೇ ಇರಬೇಕು, ಎದೆಯ ಹತ್ತಿಯನ್ನೆಲ್ಲ ಒದ್ದುಕೊಂಡು ಅದು ಎದ್ದು ಬಂತು, ಎತ್ರೋ ಮಾವಾ — ಒಡೆದ ದನಿ, ತನ್ನದೇ ದನಿ, ಹೈಸಾ ಅಂದವನೂ ತಾನೇ, ಚಕ್ರ ಕಿರ್ರೆಂದಿತು, ತಿರುಗಿತು, ಯಾವನೋ ನಕ್ಕ, ನಗಲಿ ಬಿಡು, ಹೈಸಾ, ಕಾಲ ಕೆಳಗೆ ಕಲ್ಲು ನಡುಗಿತು, ಬಾಗಿಲ ಸಂದಿಯಿಂದ ನೀರು ಬಿಳಿಯ ಹಲಗೆಯ ಹಾಗೆ ನುಗ್ಗಿತು, ಗೆರೆ ಮತ್ತೆ ಮೇಲೆ ಬಂತು, ಕೆಂಪಗೆ, ತೊಳೆದ ಹಾಗೆ, ಏರಿ ನಿಂತಿದೆ, ನಿಂತಿದೆ, ಪಾರೂ, ನಿಂತಿದೆ. ಆಚೆ ಪಾಲಯ್ಯ ಕೋಲು ಬೀಸುತ್ತ ನೀರಿಗಿಂತ ಮುಂದೆ ಓಡಿ ಹೊಲದ ನಡುವೆ ನಿಂತ, ನೀರು ಅವನ ತನಕ ಹೋಗಲೇ ಇಲ್ಲ, ಹೊಲ ಬಾಯಿ ಬಿಟ್ಟಿತ್ತು, ಬೇಸಿಗೆಯ ಎರೆ, ತೋಳು ಇಳಿಯುವಷ್ಟು ಬಿರುಕು, ಇಷ್ಟು ನೀರೂ ಅಂಚಿನಲ್ಲೇ ಒಳಗಿಳಿದು ಇಲ್ಲವಾಗುತ್ತಿದೆ, ಎಲ್ಲಿಗೆ ಹೋಗುತ್ತಿದೆ ಭೂಮಿತಾಯೀ, ಎಷ್ಟು ಆಳ ಇದ್ದೀಯೆ ನೀನು, ಹುಲುಗಪ್ಪ ಇಳಿದು ಬದುವಿಗೆ ಬಂದಾಗ ಮುದುಕ ನೀರಿನಂಚಿಗೆ ಮರಳಿ ಕುಕ್ಕರುಗಾಲಿನಲ್ಲಿ ಕೂತಿದ್ದ, ಕೋಲು ಎಲ್ಲೋ, ಕಿವಿ ನೆಲಕ್ಕೆ, ಮೇಲಿನ ದಾರಿಯಲ್ಲಿ ಸೈಕಲ್ಲಿನ ಗಂಟೆ, ದೊಡ್ಡಬಸಪ್ಪ ಇರಬೇಕು, ತಿರುಗಿ ನೋಡಲು ಮನಸ್ಸಾಗಲಿಲ್ಲ, ಗೆರೆ ಕಾಣುವಷ್ಟು ಬಿಟ್ಟಾಯಿತು, ಮುಚ್ಚಲೇನು ಎಂದು ಪಾಲಯ್ಯನನ್ನು ಕೇಳಿದ. ಪಾಲಯ್ಯ ತಲೆ ಎತ್ತದೆ ಕೈ ಎತ್ತಿದ, ತಡೀ ಲಸ್ಕರಪ್ಪಾ, ಮುಚ್ಚಬ್ಯಾಡ, ನೋಡಿಲ್ಲೆ. ನೋಡಿದ. ಬಿರುಕು ತುಂಬುತ್ತಿತ್ತು, ತುಂಬುತ್ತಿದ್ದ ನೀರಿನೊಳಗಿಂದ ಒಂದು ಗುಳ್ಳೆ ಮೇಲೆ ಬಂತು, ಕಡಲೆಕಾಳಿನಷ್ಟು, ಒಡೆಯಿತು, ಕೆಳಗೆ ಭೂಮಿ ಎಷ್ಟು ಕಾಲದಿಂದ ಹಿಡಿದಿಟ್ಟಿದ್ದಳೋ ಆ ಉಸಿರನ್ನು, ಇನ್ನೊಂದು ಗುಳ್ಳೆ, ಆಚೆ ಬಿರುಕಿನಲ್ಲಿ ಒಂದು, ಹೊಲದುದ್ದಕ್ಕೂ, ಒಡೆಯುತ್ತಿವೆ, ಏಳುತ್ತಿವೆ, ಹುಲುಗಪ್ಪ ಮುದುಕನ ಬಾಜೂಕ ಕೂತ, ಒಂದು ಗುಳ್ಳೆ, ಅದು ಒಡೆಯುವ ಮುಂಚೆ ಇನ್ನೊಂದು, ಒಂದು ಗುಳ್ಳೆ —