ಬೀಗರ ಕುರ್ಚಿ

ಎದೆಯೊಳಗೆ ಬೆಕ್ಕಿನ ಮರಿಯೊಂದು ಸೇರಿಕೊಂಡಿರುವ ಸಂಗತಿಯನ್ನು ಸರ್ವಮಂಗಳಾ ತನ್ನ ದಿನಚರಿಗೂ ಹೇಳಿರಲಿಲ್ಲ. ಬಿ.ಎ. ಪಾಸಾದದ್ದು, ಕನಸಿನಲ್ಲಿ ಹಲ್ಲು ಬಿದ್ದದ್ದು, ಎಲ್ಲವನ್ನೂ ಬರೆದಿಡುವವಳು ಇದೊಂದನ್ನು ಬಿಟ್ಟಿದ್ದಳು. ಮೋಡ ಕವಿದ ದಿನ, ಇಲ್ಲವೇ ಅಪ್ಪನ ಅರಳೆ ಅಂಗಡಿಯ ಧೂಳು ಮನೆಯೊಳಗೆ ಬಂದ ದಿನ, ಆ ಮರಿ ಕುಂಯ್‌ಗುಡುತ್ತಿತ್ತು. ಅವಳು ಹಿತ್ತಲಿಗೆ ಹೋಗಿ, ಒಗೆಯುವ ಕಲ್ಲಿನ ಮೇಲೆ ಕೂತು, ಉಸಿರು ತಹಬಂದಿಗೆ ಬರುವ ತನಕ ದಾಸವಾಳದ ಗಿಡ ನೋಡುತ್ತಿದ್ದಳು. ಬರೆದರೆ ನಿಜವಾಗಿಬಿಡುತ್ತದೆ ಎಂಬ ಅಂಜಿಕೆ. ನಿಜವಾದರೆ ಜೂನ್ ತಿಂಗಳಲ್ಲಿ ಸೇರಬೇಕಾದ ಹೆಣ್ಣುಮಕ್ಕಳ ಶಾಲೆಯ ಕೆಲಸ ಕೈತಪ್ಪಿದ ಹಾಗೆಯೇ. ಅಪ್ಪ ಮುರುಗೇಶಪ್ಪ ಮೊದಲೇ ಅರೆಮನಸ್ಸಿನಿಂದ ಒಪ್ಪಿದ್ದವರು. ಮಗಳಿಗೆ ಕಾಯಿಲೆ ಎಂದು ತಿಳಿದರೆ ಹೊಸ್ತಿಲು ದಾಟಲು ಬಿಟ್ಟಾರೆಯೇ?

ಅಂಥ ಹೊತ್ತಿನಲ್ಲಿ ಅಪ್ಪ, "ಹರಿಹರದಾಗ ನಿಮ್ಮತ್ತೆಗೆ ಸಂಡಿಗೆ ಹಾಕಾಕೆ ಕೈ ಬೇಕಂತೆ, ಹೋಗಿ ಬಾರವ್ವ" ಎಂದು ದಾವಣಗೆರೆಯಲ್ಲಿ ರೈಲು ಹತ್ತಿಸಿದರು.

ಅತ್ತೆ ಗುರುಶಾಂತಮ್ಮ ಅಪ್ಪನ ಅಕ್ಕ. ಮಾತಿಗೊಮ್ಮೆ ನಗುವ ಹೆಂಗಸು. ಆದರೆ ಮನೆಯಲ್ಲಿ ಸಂಡಿಗೆಯ ಸುದ್ದಿಯೇ ಇರಲಿಲ್ಲ. ಸರ್ವಮಂಗಳೆಗೆ ಮೊದಲ ಅನುಮಾನ ಹುಟ್ಟಿದ್ದು ಅಲ್ಲಿ. ಎರಡನೆಯದು, ಪಡಸಾಲೆಯ ಕಿಟಕಿಯ ಪಕ್ಕದಲ್ಲಿದ್ದ ಕೈಗಳಿರುವ ದೊಡ್ಡ ಕುರ್ಚಿಯ ಮೇಲೆ ಕೂರಲು ಹೋದಾಗ.

"ಅದರಾಗ ಕೂಡಬ್ಯಾಡವ್ವ. ಅದು ಬೀಗರ ಕುರ್ಚಿ."

ಯಾವ ಬೀಗರು ಎಂಬ ಮಾತು ನಾಲಿಗೆಯ ತುದಿಗೆ ಬಂದು ಅಲ್ಲಿಯೇ ಕೂತಿತು. ಅತ್ತೆಗೆ ಮಕ್ಕಳಿಲ್ಲ. ಮಕ್ಕಳಿಲ್ಲದ ಮನೆಗೆ ಬೀಗರು ಎಲ್ಲಿಂದ ಬರಬೇಕು?

ಮಾರನೆಯ ಬೆಳಿಗ್ಗೆ ಹಿತ್ತಲ ಗೋಡೆಯಾಚೆಯಿಂದ ಪಕ್ಕದ ಮನೆಯ ನೀಲಕ್ಕನ ದನಿ ಕೇಳಿಸಿತು.

"ಮೊನ್ನೆ ಬೀಗರು ಬಂದಿದ್ರೇನು, ಗುರುಶಾಂತಕ್ಕ?"

"ಬಂದಿದ್ರು. ಬಿಸಿಬಿಸಿ ಕುಡಿಸಿ ಸಾಗಹಾಕ್ದೆ."

"ಹುಡುಗಿ?"

"ಮೆಲ್ಲಗೆ ಮಾತಾಡು. ಅವಳಿಗೇನೂ ಗೊತ್ತಿಲ್ಲ. ಗೊತ್ತಾದ್ರೆ ಹೆದರಿ ನಾಳೆ ರೈಲಿಗೇ ಓಡಿಹೋಗ್ತಾಳೆ."

ಹಾಗಾದರೆ ಹೆಣ್ಣು ನೋಡಲು ಬರುವವರೇ ಈ ಬೀಗರು ಎಂದುಕೊಂಡು, ಬಾಗಿಲ ಸಂದಿಯಲ್ಲಿದ್ದ ಸರ್ವಮಂಗಳಾ ಸದ್ದಾಗದಂತೆ ಹಿಂದೆ ಸರಿದಳು. ಕಳ್ಳನ ಮನಸ್ಸು ಹುಳ್ಳುಳ್ಳಗೆ ಎನ್ನುತ್ತಾರಲ್ಲ. ಆಮೇಲೆ ಅವಳಿಗೆ ಕಂಡದ್ದೆಲ್ಲ ಸಂಚೇ. ಬಳೆಗಾರ ಕೈ ಹಿಡಿದು ಅಳತೆ ನೋಡಿದರೆ ಯಾರೋ ಹೇಳಿಕಳಿಸಿದ್ದು. ಮಾವ ವಾಮದೇವಪ್ಪ ಬಾಳೆಹಣ್ಣು ತಂದರೆ ಯಾರಿಗೋ ತಟ್ಟೆ ಇಡಲು. ಬೀದಿಯಲ್ಲಿ ಛತ್ರಿ ಹಿಡಿದವನೊಬ್ಬ ನಿಂತರೆ ಅವನೇ ಬೀಗರ ಕಡೆಯವನು. ನೋಡಲು ಬಂದವರ ಎದುರು ಎದೆಯೊಳಗಿನ ಮರಿ ಕುಂಯ್‌ಗುಟ್ಟಿದರೆ? ಹರಿಹರದ ಮಾತು ದಾವಣಗೆರೆ ಮುಟ್ಟಲು ರೈಲೂ ಬೇಡ.

ಆ ಶುಕ್ರವಾರ ಹೊಳೆಯ ಆಚೆ ದಡದಿಂದ ಕರಿಮೋಡ ಎದ್ದಿತು. ಅಂಗಡಿಗೆ ಹೊರಟ ಮಾವ ಮೆಟ್ಟಿಲ ಮೇಲೆ ನಿಂತರು.

"ಮೋಡ ನೋಡಿದ್ರೆ ಬೀಗರು ಇವತ್ತು ಬಿಡಂಗಿಲ್ಲ. ನಾನಿರ್ಲೇನು?"

"ನೀವಿದ್ದು ಏನ್ ಮಾಡ್ತೀರಿ? ಅವರೇನು ನಿಮ್ಮನ್ನ ಮಾತಾಡಿಸ್ತಾರಾ? ಹೋಗ್ರಿ," ಎಂದಳು ಅತ್ತೆ.

ಸರ್ವಮಂಗಳಾ ಒಳಗೆ ಹೋಗಿ ತನ್ನಲ್ಲಿದ್ದ ಅತಿ ಮಾಸಿದ ಸೀರೆಯನ್ನು ಹುಡುಕಿ ಉಟ್ಟಳು. ಜಡೆ ಬಿಚ್ಚಿ ಕೂದಲು ಕೆದರಿಕೊಂಡಳು. ಹಣೆಗೆ ಒಂದಿಷ್ಟು ಮಸಿ ತಾಗಿಸಿಕೊಂಡಳು. ನೋಡಿದವರು ನೀರೂ ಕುಡಿಯದೆ ಎದ್ದುಹೋಗಬೇಕು. ಆಮೇಲೆ ಅಡುಗೆಮನೆಯ ಬಾಗಿಲ ಹಿಂದೆ ಕೂತು, ಚಪ್ಪಲಿಯ ಸದ್ದಿಗೆ ಕಾದಳು. ಮೋಡಕ್ಕೋ ಭಯಕ್ಕೋ, ಮರಿ ಎದ್ದಿತ್ತು.

ಯಾರೂ ಬರಲಿಲ್ಲ. ಕುಂಯ್ ಎಂಬ ಸದ್ದು ಮಾತ್ರ ಜೋರಾಯಿತು. ಹಾಳಾದ್ದು, ಸುಮ್ಮನಿರು ಎಂದು ಅವಳು ಉಸಿರು ಬಿಗಿಹಿಡಿದಳು. ಸದ್ದು ನಿಲ್ಲಲಿಲ್ಲ. ಅದು ಪಡಸಾಲೆಯಿಂದ ಬರುತ್ತಿತ್ತು.

ಇಣುಕಿದಳು. ಬೀಗರ ಕುರ್ಚಿಯಲ್ಲಿ ಅತ್ತೆ ಕೂತಿದ್ದಳು. ಕುರ್ಚಿಯ ಕೈಗಳನ್ನು ಬಿಗಿಯಾಗಿ ಹಿಡಿದಿದ್ದಳು, ಭುಜಗಳು ಕಿವಿಯ ತನಕ ಏರಿದ್ದವು, ಒಂದೊಂದು ಉಸಿರಿಗೂ ಸಿಳ್ಳೆ.

"ಬಾ… ಬೀಗರು… ಬಂದಾರೆ," ಎಂದಳು ಅತ್ತೆ. ಆ ಸ್ಥಿತಿಯಲ್ಲೂ ಕಣ್ಣು ನಗುತ್ತಿತ್ತು. "ಗೂಡಿನಾಗ… ಗುಳಿಗೆ."

ಸರ್ವಮಂಗಳಾ ಓಡಿ ಗುಳಿಗೆ ಕೊಟ್ಟಳು, ಬಿಸಿನೀರು ಕುಡಿಸಿದಳು. ಅತ್ತೆಯನ್ನು ಮುಂದಕ್ಕೆ ಬಾಗಿಸಿ, ತೊಡೆಯ ಮೇಲೆ ದಿಂಬಿಟ್ಟು, ಬೆನ್ನು ನೀವಿದಳು. ಬಹಳ ಹೊತ್ತಿನ ಮೇಲೆ ಸಿಳ್ಳೆ ಸಣ್ಣದಾಯಿತು.

"ಬೀಗರು ಅಂದ್ರೆ… ಇದಾ ಅತ್ತೆ?"

"ಮತ್ತೇನ್ ತಿಳ್ಕೊಂಡಿದ್ದೆ?" ಎಂದ ಅತ್ತೆ ಅವಳ ಸೀರೆ, ಕೂದಲು, ಹಣೆಯ ಮಸಿ ನೋಡಿದಳು. ಅರ್ಥವಾಗಿ ನಗು ಉಕ್ಕಿತು, ನಗುವಿನ ಹಿಂದೆ ಕೆಮ್ಮು. "ನಗಿಸಬ್ಯಾಡ ತಾಯಿ, ಹೋದೋರು ತಿರುಗಿ ಬಂದಾರು. ದಮ್ಮು ಅಂದ್ರೆ ಜನ ಮುಖ ಸಣ್ಣದು ಮಾಡ್ಕೊಂತಾರೆ. ಬೀಗರು ಅಂದ್ರೆ ನಗ್ತಾರೆ. ಇದೂ ಹಂಗೇ ಅಲ್ಲೇನು? ಹೇಳ್ದೆ ಬರ್ತಾರೆ, ಹೋಗು ಅನ್ನಾಕಾಗಲ್ಲ. ಇದ್ದಷ್ಟು ಹೊತ್ತು ಉಪಚಾರ ಮಾಡದು, ಹೋದಮ್ಯಾಲೆ ನನ್ನ ಸಂಸಾರ ನಾನು ನೋಡ್ಕೊಳದು. ಅವರು ಬಂದ್ರು ಅಂತ ಒಲೆ ಆರಿಸಿ ಕೂಡಾಕಾಗುತ್ತಾ?"

"ಮತ್ತೆ ಸಂಡಿಗೆ?"

"ಬಿಸಿಲು ಬಂದ್ರೆ ಹಾಕನ. ಮೋಡದ ದಿನದಾಗ ಜೊತೆಗೊಬ್ಬರು ಇರ್ಲಿ ಅಂತ ನಿಮ್ಮಪ್ಪಗೆ ಸಂಡಿಗೆ ಅಂದಿದ್ದೆ."

ಅತ್ತೆಯ ನಗು ಮೆಲ್ಲಗೆ ಇಳಿಯಿತು. ಕಣ್ಣು ಕಿರಿದು ಮಾಡಿ ಸೋದರಸೊಸೆಯನ್ನು ನೋಡಿದಳು.

"ಅಲ್ಲ ಕಣೆ, ಮುಂದಕ್ಕೆ ಬಗ್ಗಿಸಬೇಕು, ದಿಂಬು ಇಡಬೇಕು ಅಂತ ನಿನಗೆ ಯಾರು ಹೇಳಿದ್ರು? ನಿಮ್ಮಾವಗೆ ಇನ್ನೂ ಅದು ಬರಲ್ಲ."

ಪುಸ್ತಕದಲ್ಲಿ ಓದಿದ್ದೆ ಎಂಬ ಸುಳ್ಳು ಬಾಯಲ್ಲಿ ಸಿದ್ಧವಾಗಿತ್ತು. ಅಷ್ಟರಲ್ಲಿ ಎದೆಯೊಳಗಿನ ಮರಿ, ಯಾರೋ ಕರೆದಂತೆ, ಕುಂಯ್ ಎಂದಿತು. ಸರ್ವಮಂಗಳಾ ಹಣೆಯ ಮಸಿಯನ್ನು ಸೆರಗಿನಿಂದ ಒರೆಸಿಕೊಂಡಳು.

"ಅತ್ತೆ," ಎಂದಳು, "ನಿಮ್ಮ ಬೀಗರು ನನ್ನ ಹತ್ರಾನೂ ಬರ್ತಾರೆ."