ಹಾಡು ಇಳಿಯುವ ಹೊತ್ತು

"ಮತ್ತೆ ಹಾಡಿನ ಕುತ್ತಿಗೆ ಹಿಚುಕಿಬಿಟ್ಟೆ," ಎಂದ ಅಪ್ಪ. "ಹಾಡು ಮುಗಿಯೋದು ಅಂದ್ರೆ ಬಾಗಿಲು ಬಡ್ಕೊಂಡು ಹೋಗೋದಲ್ಲಮ್ಮ. ಬೀದಿ ಕೊನೆವರೆಗೂ ನಡ್ಕೊಂಡು ಹೋಗ್ಬೇಕು. ನಾವು ನಿಂತು ನೋಡ್ತಿರ್ಬೇಕು."

ಮಗಳು ಮೌಸ್ ಹಿಡಿದಳು. ಪರದೆಯ ಮೇಲೆ ಕೊಳಲು, ಗಿಟಾರು, ಡ್ರಮ್ಮು, ಹಾಡಿದಾಕೆಯ ದನಿ ಒಂದರ ಕೆಳಗೊಂದು ಪಟ್ಟಿಗಳಾಗಿ ಮಲಗಿದ್ದವು. ಒಂದೊಂದನ್ನೇ ಬಿಡಿಬಿಡಿಯಾಗಿ ತಗ್ಗಿಸಿದರೆ ಹಾಡು ಚಿಂದಿಯಾಗುತ್ತದೆಂದು ಕಲಿಸಿದವನು ಅಪ್ಪನೇ. ಹಾಗಾಗಿ ಎಲ್ಲಕ್ಕೂ ಕೆಳಗಿನ, ಇಡೀ ಹಾಡಿನ ದನಿಯನ್ನು ಹಿಡಿದಿಟ್ಟ ಮಾಸ್ಟರ್ ಪಟ್ಟಿಯಲ್ಲಿ ಅವಳು ಒಂದೇ ಗೆರೆ ಎಳೆದಿದ್ದಳು. ಕೊನೆಯ ಪಲ್ಲವಿಯಲ್ಲಿ ಬಾಗಲು ಶುರುಮಾಡುವ ಆ ಗೆರೆ ನಿಧಾನಕ್ಕೆ ಇಳಿದು ತಳ ಮುಟ್ಟುತ್ತಿತ್ತು; ಅದರ ಜೊತೆಗೇ ಹಾಡಿನ ಸದ್ದೂ ಇಳಿಯುತ್ತಿತ್ತು. ಈಗ ಅದರ ತುದಿ ಹಿಡಿದು ಇನ್ನಷ್ಟು ಬಲಕ್ಕೆ ಎಳೆದಳು. ಇಳಿಜಾರು ಮತ್ತೂ ಉದ್ದವಾಯಿತು.

ಸೈಕಲ್ ಅಂಗಡಿಯ ಮೇಲಿನ ಈ ಕೋಣೆಯಲ್ಲಿ ಅಪ್ಪ ರಾಗ ಹಾಕುತ್ತಿದ್ದ, ಮಗಳು ಅದನ್ನು ಹದಗೊಳಿಸುತ್ತಿದ್ದಳು. ಪಕ್ಕದ ಮನೆಯ ಫ್ಯಾನು ಕಿರುಗುಟ್ಟಿದ್ದು ರೆಕಾರ್ಡಿಂಗಿಗೆ ಸೇರಿದೆಯೆಂದು ಹಾಡನ್ನು ಅರ್ಧಕ್ಕೆ ನಿಲ್ಲಿಸಿದ್ದ ಮನುಷ್ಯ ಅವನು. ಅವನ ಕಿವಿಗೆ ಹೆದರಿ ವಾದ್ಯದವರು ಉಸಿರನ್ನೂ ಅಳತೆಯಲ್ಲಿ ಬಿಡುತ್ತಿದ್ದರು. ಇವತ್ತು ಮಾತ್ರ ಬೆಳಗಿನಿಂದ ಇದೊಂದೇ ಜಾಗದಲ್ಲಿ ಕಚ್ಚಿಕೊಂಡು ಕೂತಿದ್ದ. ಸಂಜೆಯೊಳಗೆ ಹಾಡು ಬೇಕೆಂದು ಚಿತ್ರದ ನಿರ್ದೇಶಕ ಎರಡು ಸಲ ಫೋನ್ ಮಾಡಿದ್ದ. ಅವಳ ತಲೆ ಚಿಟ್ಟು ಹಿಡಿದಿತ್ತು.

"ಹಾಕ್ಲಾ?"

"ಹಾಕು."

ಅಪ್ಪ ಕಣ್ಣು ಮುಚ್ಚಿ ತೋರುಬೆರಳನ್ನು ಮೇಲೆತ್ತಿದ. ಅದು ಅವನ ಹಳೆಯ ಅಭ್ಯಾಸ. ಕೊನೆಯ ಸದ್ದು ಹೋದ ಮೇಲೆಯೇ ಆ ಬೆರಳು ಮಡಚಿಕೊಳ್ಳುತ್ತಿದ್ದದ್ದು. ಪಲ್ಲವಿ ಬಂತು, ಒಮ್ಮೆ ತಿರುಗಿತು, ಕೊಂಚ ಹಿಂದೆ ಸರಿಯಿತು. ಬೆರಳು ಮಡಚಿಕೊಂಡಿತು.

"ನೋಡು, ಆಗ್ಲೇ ಹೋಯ್ತು," ಎಂದು ಅಪ್ಪ ಕಣ್ಣು ಬಿಟ್ಟ. "ಏನವಸರ ನಿಂಗೆ?"

ಅವನು ಮಾತಾಡುತ್ತಿದ್ದಾಗ ಹಾಡಿದಾಕೆ ಇನ್ನೂ ಹಾಡುತ್ತಿದ್ದಳು. ಒಂದೊಂದು ಪದವನ್ನೂ ಬರೆದುಕೊಳ್ಳಬಹುದಿತ್ತು. ಗಿಟಾರಿನ ತಂತಿಯ ಮೇಲೆ ಬೆರಳು ಜಾರಿದ್ದೂ ಕೇಳುತ್ತಿತ್ತು.

ಮಗಳ ಕೈ ಮೌಸಿನ ಮೇಲೆಯೇ ಉಳಿಯಿತು. ಹೋದ ತಿಂಗಳು ಅದೇ ನಿರ್ದೇಶಕ, ಈಚಿನ ಹಾಡುಗಳೆಲ್ಲ ಸೂಜಿಯ ಹಾಗೆ ಕಿವಿ ಚುಚ್ಚುತ್ತವೆ, ಕೊಳಲನ್ನು ಯಾಕೆ ಅಷ್ಟು ಏರಿಸುತ್ತೀರಿ ಎಂದು ಕೇಳಿದ್ದ. ಅಪ್ಪನ ರುಚಿ ಬದಲಾಗಿದೆ ಎಂದು ಅವಳು ಸಮಾಧಾನ ಹೇಳಿ ಕಳಿಸಿದ್ದಳು.

ಹಾಡು ನಿಲ್ಲಿಸಿ ಎದ್ದು, ಕಿಟಕಿಯ ಕಡೆ ಮುಖ ಮಾಡಿ ನಿಂತಳು.

"ಅಪ್ಪ, ನೀರು ಬೇಕಾ?"

ಉತ್ತರವಿಲ್ಲ. ಕುರ್ಚಿ ಕಿರ್ರೆಂದಿತು. ಅವನು ಪರದೆಯನ್ನೇ ನೋಡುತ್ತಿದ್ದ. ಅವಳು ತಿರುಗಿ ಅಷ್ಟೇ ದನಿಯಲ್ಲಿ ಮತ್ತೆ ಕೇಳಿದಳು.

"ಬೇಡಮ್ಮ," ಎಂದ, ಅವಳ ಮುಖ ನೋಡುತ್ತ, ತಟ್ಟನೆ.

ಅವಳು ತನ್ನ ಕುರ್ಚಿಗೆ ಬಂದು ಕೂತಳು.

"ಯಾವಾಗಿಂದ?"

ಏನು ಯಾವಾಗಿಂದ ಎಂದು ಅವನು ಕೇಳಲಿಲ್ಲ.

"ಮೊದ್ಲು ಹಕ್ಕಿಗಳು ಹೋದ್ವು. ಇನ್ನೊಂದು ಬೀದಿಗೆ ಹಾರಿರ್ಬೇಕು ಅಂದ್ಕೊಂಡೆ. ಆಮೇಲೆ ಕೊಳಲು. ಈಗ ನಿನ್ನ ಮಾತು ತುಟಿ ನೋಡಿದ್ರೆ ಸಿಗುತ್ತೆ, ಇಲ್ದಿದ್ರೆ ಇಲ್ಲ."

"ಡಾಕ್ಟರ ಹತ್ರ ಹೋಗಿದ್ಯಾ?"

"ಹೋಗಿದ್ದೆ. ಕಿವಿಗೆ ಯಂತ್ರ ಹಾಕ್ಕೊಂಡ್ರೆ ಮಾತು ಒಂದಿಷ್ಟು ಕೇಳುತ್ತಂತೆ, ಅದೂ ಸ್ವಲ್ಪ ದಿನ. ಹಾಡು ಕೇಳುತ್ತಾ ಅಂತ ಕೇಳ್ದೆ. ಅವ್ರು ಕನ್ನಡಕ ತೆಗ್ದು ಒರೆಸ್ಕೊಂಡ್ರು."

"ಅಮ್ಮಂಗೆ ಗೊತ್ತಾ?"

"ಅವ್ಳಿಗೆ ಗೊತ್ತಾಗಿದ್ರೆ ಇಷ್ಟು ದಿನ ನಿಂಗೆ ಗೊತ್ತಾಗ್ದೆ ಇರ್ತಿತ್ತಾ?" ಎಂದು ನಗಲು ನೋಡಿದ. ನಗು ಅರ್ಧಕ್ಕೇ ನಿಂತಿತು.

"ಮತ್ತೆ ಈ ರಾಗ ಹೇಗೆ ಹಾಕ್ದೆ?"

"ತಲೇಲಿ ಎಲ್ಲ ಇದೆಯಮ್ಮ, ಒಂದೂ ಹೋಗಿಲ್ಲ. ಹೊರಗೆ ಬಂದದ್ದು ಅದೇನಾ ಅಂತ ಗೊತ್ತಾಗಲ್ಲ, ಅಷ್ಟೇ. ನಿನ್ನ ಮುಖ ನೋಡಿ ತಿಳ್ಕೊಳ್ತಿದ್ದೆ."

ಇಷ್ಟು ದಿನ ಅಪ್ಪ ತನ್ನನ್ನೇ ನೋಡುತ್ತ ಕೂರುವುದು ಅಕ್ಕರೆಯಿಂದ ಎಂದುಕೊಂಡಿದ್ದಳು. ಏನಾದರೂ ಹೇಳಬೇಕೆನಿಸಿತು. ಬೇರೆ ಡಾಕ್ಟರು, ದೊಡ್ಡ ಆಸ್ಪತ್ರೆ. ಆದರೆ ಆ ಮುಖದಲ್ಲಿ ಅಂಥ ಮಾತಿಗೆ ಜಾಗವೇ ಇರಲಿಲ್ಲ.

"ಹಾಗಾದ್ರೆ ಇದನ್ಯಾಕೆ ಉದ್ದ ಮಾಡಿಸ್ತಾ ಇದ್ದೆ?"

"ಇನ್ನು ಹಾಡು ಒಪ್ಕೊಳಲ್ಲ, ಇದೇ ಕೊನೇದು. ಉದ್ದ ಮಾಡಿದ್ರೆ ಅದು ಹೋಗೋದು ಎಲ್ಲಾದ್ರೂ ಒಂದು ಕಡೆ ಕಿವಿಗೆ ಸಿಕ್ಕೀತು ಅಂತ." ಅವನು ಪರದೆಯ ಗೆರೆಯ ಕಡೆ ಬೆರಳು ತೋರಿಸಿದ. "ನಿಂಗೆ ಸರಿ ಅನ್ನಿಸಿದ್ದು ಯಾವ್ದು?"

"ಮೊದಲ್ನೇದು."

"ಅದೇ ಕಳಿಸು. ಕಳಿಸೋ ಮೊದ್ಲು ಒಂದ್ಸಲ ಹಾಕು. ಹೋಗ್ತಾ ಹೋಗ್ತಾ ಏನೇನು ಉಳಿದಿದೆ ಅಂತ ಹೇಳು."

ಅವನು ಕುರ್ಚಿಯನ್ನು ಅವಳ ಕಡೆ ತಿರುಗಿಸಿಕೊಂಡ. ಪರದೆ ಅವನ ಬೆನ್ನಿಗೆ ಹೋಯಿತು. ಅವಳು ಗೆರೆಯನ್ನು ಮೊದಲಿದ್ದ ಕಡೆಗೆ ತಂದು ಕೊನೆಯ ಪಲ್ಲವಿಯಿಂದ ಹಾಡು ಹಾಕಿದಳು. ಹಾಡು ಎಲ್ಲಿಗೆ ಬಂತೆಂದು ತೋರಿಸುವ ಕಡ್ಡಿ ಪಟ್ಟಿಗಳ ಮೇಲೆ ಬಲಕ್ಕೆ ಸರಿಯತೊಡಗಿತು.

"ಎಲ್ಲಾ ಇದೆ," ಎಂದಳು. "ಈಗ ಇಳೀತಿದೆ. ಡ್ರಮ್ಮು ದೂರ ಹೋಯ್ತು, ಕೆಳಗಡೆ ಯಾರೋ ನಡೆದ ಹಾಗಿದೆ. ಗಿಟಾರು ಇದೆಯೋ ಇಲ್ವೋ ಅನ್ನೋ ಹಾಗೆ. ಕೊಳಲು ಇದೆ, ಸಣ್ಣಗೆ."

"ದನಿ?"

"ಇದೆ. ಪದ ತಿಳೀತಿಲ್ಲ. ಬರೀ ದನಿ."

ಅಪ್ಪ ಅವಳ ತುಟಿಯಿಂದ ಕಣ್ಣು ತೆಗೆಯಲಿಲ್ಲ. ಅವನ ತಲೆ ಮೆಲ್ಲಗೆ ತಾಳಕ್ಕೆ ಆಡುತ್ತಿತ್ತು. ಸ್ಪೀಕರುಗಳು ಸುಮ್ಮನಾದವು. ಕೆಳಗೆ ಅಂಗಡಿಯಲ್ಲಿ ಯಾರೋ ಸೈಕಲ್ಲಿನ ಚಕ್ರ ತಿರುಗಿಸಿ ಬಿಟ್ಟರು.

"ಇನ್ನೂ ಇದೆ," ಎಂದಳು ಮಗಳು.

ಅವನು ತಲೆಯಾಡಿಸಿದ.

"ಇನ್ನೂ ಇದೆ."

ಅವನ ಬೆನ್ನ ಹಿಂದೆ, ಪರದೆಯ ಮೇಲೆ, ಹಾಡನ್ನು ದಾಟಿ ಹೋದ ಕಡ್ಡಿ ಖಾಲಿ ಜಾಗದಲ್ಲಿ ಒಂದೇ ಸಮನೆ ಓಡುತ್ತಿತ್ತು.